ಸ್ವಲ್ಪ ಎಂದರೆ ಎಷ್ಟು

ಮಾರ್ಚ್ ೩, ಸೋಮವಾರ

ಈ ನೋಟುಬುಕ್ಕು ಕಂಪ್ಯೂಟರ್ ಪಾಠ ಬರೆದುಕೊಳ್ಳಲಿ ಎಂದು ಆಸ್ಪತ್ರೆಯವರು ಕೊಟ್ಟದ್ದು. ಪಾಠ ತಲೆಗೆ ಹೋದರೆ ತಾನೇ ಬರೆಯುವುದು? ಹಾಳೆ ದಂಡವಾಗಬಾರದು ಎಂದು ನನ್ನ ಸಿಟ್ಟನ್ನೇ ಬರೆಯುತ್ತಿದ್ದೇನೆ.

ವಿಷಯ ಇಷ್ಟು. ಇಪ್ಪತ್ತೇಳು ವರ್ಷದಿಂದ ನಾನು ಈ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿದ್ದೇನೆ, ಹನ್ನೊಂದು ವರ್ಷದಿಂದ ಅದರ ಮುಖ್ಯಸ್ಥೆ. ಎಲ್ಲರೂ ದೊಡ್ಡಕ್ಕ ಅನ್ನುತ್ತಾರೆ. ಒಂದು ಹೊದಿಕೆಯನ್ನು ಮೂಸಿ ನೋಡಿದರೆ ಯಾವ ವಾರ್ಡಿನದು ಎಂದು ಹೇಳಬಲ್ಲೆ. ಈಗ ಹಳೆಯ ಯಂತ್ರಗಳು ಹೋಗಿ ಹೊಸವು ಬಂದಿವೆ. ಇವಕ್ಕೆ ಗುಂಡಿ ತಿರುಗಿಸಿದರೆ ಸಾಲದಂತೆ, ಏನೇನು ಮಾಡಬೇಕೆಂದು ಸಾಲು ಸಾಲಾಗಿ ಬರೆದುಕೊಡಬೇಕಂತೆ. ಅದಕ್ಕೆ ಪ್ರೋಗ್ರಾಮ್ ಎಂದು ಹೆಸರು. ನಾಲ್ಕು ವಾರ ತರಗತಿ, ತಿಂಗಳ ಕೊನೆಗೆ ಪರೀಕ್ಷೆ. ಪಾಸಾದವರು ಯಂತ್ರದ ಬಳಿ ಉಳಿಯಬಹುದು, ಫೇಲಾದವರು ಉಗ್ರಾಣಕ್ಕೆ. ಉಗ್ರಾಣವೆಂದರೆ ಕಿಟಕಿಯಿಲ್ಲದ ಕೋಣೆ, ಒಂದು ಕುರ್ಚಿ, ದಿಂಬಿನ ಚೀಲಗಳ ರಾಶಿ. ಮಾತಾಡಲು ಒಂದು ನರಪಿಳ್ಳೆಯೂ ಇರುವುದಿಲ್ಲ. ನನ್ನ ನಿವೃತ್ತಿಗೆ ಇನ್ನೂ ನಾಲ್ಕು ವರ್ಷವಿದೆ. ನಾಲ್ಕು ವರ್ಷ ಮಾತಾಡದೆ ಇರುವುದೇ? ನಾನೇ?

ಪಾಠ ಹೇಳಲು ಬಂದವಳು ನನ್ನ ಸೊಸೆಯ ವಯಸ್ಸಿನವಳು. ಅವಳ ಮೊದಲ ಮಾತೇ, "ಪ್ರೋಗ್ರಾಮ್ ಅಂದ್ರೆ ಹೆದರ್ಕೋಬೇಡಿ, ಟೀ ಮಾಡೋದನ್ನ ಬೇರೆಯವರಿಗೆ ಹೇಳಿಕೊಟ್ಟ ಹಾಗೆ ಅಷ್ಟೇ. ಯಾರಾದ್ರೂ ಒಂದೊಂದೇ ಹೆಜ್ಜೆ ಹೇಳ್ತೀರಾ?"

ನಾನು ಎದ್ದು ನಿಂತೆ. "ನೀರು ಕಾಯ್ಸಿ, ಸ್ವಲ್ಪ ಪುಡಿ ಹಾಕಿ, ಸ್ವಲ್ಪ ಹೊತ್ತು ಬಿಟ್ಟು, ಸ್ವಲ್ಪ ಹಾಲು, ಸ್ವಲ್ಪ ಸಕ್ಕರೆ. ಮುಗೀತು."

"ಸ್ವಲ್ಪ ಅಂದ್ರೆ ಎಷ್ಟು?"

"ಸ್ವಲ್ಪ ಅಂದ್ರೆ… ಸ್ವಲ್ಪ."

"ಕಂಪ್ಯೂಟರಿಗೆ ಸ್ವಲ್ಪ ಅನ್ನೋದು ಗೊತ್ತಿಲ್ಲ ದೊಡ್ಡಕ್ಕ."

"ಹಾಗಾದ್ರೆ ಅದಕ್ಕೆ ಯಾಕೆ ಟೀ ಮಾಡೋಕೆ ಹೇಳ್ತೀರಾ ಮೇಡಂ? ಗೊತ್ತಿರೋರಿಗೆ ಹೇಳಿ."

ತರಗತಿ ಹೋ ಎಂದು ನಕ್ಕಿತು. ಅವಳೂ ನಕ್ಕಳು. ಆಮೇಲೆ ಒಂದು ಪುಟ್ಟ ನೀಲಿ ಪುಸ್ತಕ ತೆಗೆದು ಏನೋ ಗೀಚಿಕೊಂಡಳು. ನನ್ನ ಹೆಸರಿನ ಮುಂದೆ ಸೊನ್ನೆ ಸುತ್ತಿರಬೇಕು. ನಾನೂ ಅವಳಿಗೆ ಟೀ ಮೇಡಂ ಎಂದು ಹೆಸರಿಟ್ಟಿದ್ದೇನೆ.

ಮನೆಗೆ ಬಂದರೆ ಸೊಸೆಯ ಅಡುಗೆಯಲ್ಲಿ ಉಪ್ಪು ಜಾಸ್ತಿ. "ಸ್ವಲ್ಪ ಹಾಕು ಅಂದಿದ್ನಲ್ಲ" ಎಂದೆ. ಅವಳು ಸುಮ್ಮನೆ ತಟ್ಟೆ ಎತ್ತಿಕೊಂಡು ಹೋದಳು. ಮದುವೆಯಾಗಿ ಬಂದು ಎರಡು ವರ್ಷವಾಯಿತು, ಇನ್ನೂ ಅಂದಾಜು ಹತ್ತಿಲ್ಲ.

ಮಾರ್ಚ್ ೪, ಮಂಗಳವಾರ

ತಲೆನೋವು. ಇವತ್ತು ಸ್ವಲ್ಪ ಎಂಬ ಮಾತನ್ನು ಒಂಬತ್ತು ಸಲ ಆಡಿದೆನಂತೆ. ಮೇಡಂ ಎಣಿಸಿದ್ದಾಳೆ. ಬೇರೆ ಕೆಲಸವಿಲ್ಲ ಅವಳಿಗೆ.

ಮಾರ್ಚ್ ೬, ಗುರುವಾರ

ಇವತ್ತು ಡಬ್ಬಿ ಪಾಠ. ಕಂಪ್ಯೂಟರಿನೊಳಗೆ ಡಬ್ಬಿಗಳಿರುತ್ತವಂತೆ, ಹೊರಗೆ ಒಂದು ಹೆಸರು, ಒಳಗೆ ಒಂದು ವಸ್ತು. "ನಿಮ್ಮ ಅಡುಗೆಮನೆ ಡಬ್ಬಿಗಳ ಹಾಗೇ. ಸಕ್ಕರೆ ಅಂತ ಬರೆದಿದ್ರೆ ಒಳಗೆ ಸಕ್ಕರೆ" ಎಂದಳು ಮೇಡಂ.

"ಯಾರ ಮನೇಲಿ ಮೇಡಂ?" ಎಂದು ಹಿಂದಿನ ಬೆಂಚಿನಿಂದ ಇಸ್ತ್ರಿ ತಮ್ಮ ಕೂಗಿದ. ಅವನು ನಮ್ಮ ಇಸ್ತ್ರಿ ಯಂತ್ರದವನು. ನಲವತ್ತು ದಾಟಿ ತಲೆ ನೆರೆತರೂ ನನಗೆ ತಮ್ಮನೇ. "ನಮ್ಮನೇಲಿ ಕಾಫಿ ಡಬ್ಬಿ ತೆಗೆದ್ರೆ ಸಾಸಿವೆ ಇರುತ್ತೆ."

ಒಬ್ಬಳ ಮನೆಯ ಚಾಕೊಲೇಟು ಡಬ್ಬಿಯಲ್ಲಿ ಸೂಜಿ ದಾರ. ನಮ್ಮ ಮನೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಇವರ ಬಿಪಿ ಮಾತ್ರೆ. ಇವರು ಅಂದರೆ ನನ್ನ ಯಜಮಾನರು. ಒಬ್ಬೊಬ್ಬರೂ ತಮ್ಮ ತಮ್ಮ ಡಬ್ಬಿಗಳ ಗುಟ್ಟು ಬಿಚ್ಚುತ್ತಾ ಹೋದರು, ಮೇಡಂ ಕಕ್ಕಾಬಿಕ್ಕಿಯಾಗಿ ನಿಂತಳು. ಪಾಪ ಎನಿಸಿತು. ಆದರೆ ಹುಡುಗಿ ಗಟ್ಟಿಗಿತ್ತಿ. "ನೀವು ಹೇಳಿದ್ದೇ ಸರಿ" ಎಂದಳು. "ಕಂಪ್ಯೂಟರಿಗೆ ಹೆಸರು ಬರೀ ಹೆಸರು. ನೀವು ಒಳಗೆ ಏನಿಟ್ರೋ ಅದನ್ನೇ ಕೊಡುತ್ತೆ. ಹೆಸರು ಇರೋದು ನಮ್ಮ ನೆನಪಿಗೆ. ನಮ್ಮ ಅಕ್ಷರದಲ್ಲೇ ಬರೀಬಹುದು, ಏನು ಬೇಕಾದ್ರೂ ಇಡಬಹುದು."

ಇಸ್ತ್ರಿ ತಮ್ಮ ತನ್ನ ಡಬ್ಬಿಗೆ ಅವನ ಅತ್ತೆಯ ಹೆಸರಿಟ್ಟು ಒಳಗೆ ಸೊನ್ನೆ ಹಾಕಿದ. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಪಾಠ ಮಾತ್ರ, ಏನು ಹೇಳಲಿ, ಅರ್ಥವಾದ ಹಾಗೆ ಆಯಿತು.

ಮಾರ್ಚ್ ೧೦, ಸೋಮವಾರ

"ಹೀಗಿದ್ದರೆ ಹೀಗೆ ಮಾಡು, ಇಲ್ಲದಿದ್ದರೆ ಹಾಗೆ ಮಾಡು" ಎಂದು ಬರೆಯುವುದನ್ನು ಕಲಿಸಿದರು. ಮೇಡಂ ರಸ್ತೆಯ ಕೆಂಪು ದೀಪ, ಹಸಿರು ದೀಪದ ಉದಾಹರಣೆ ಕೊಟ್ಟಳು. ಇಸ್ತ್ರಿ ತಮ್ಮ ಪೆಚ್ಚು ಮೋರೆ ಹಾಕಿಕೊಂಡು ಕೂತಿದ್ದ. ಅವನು ಬರುವುದು ಸೈಕಲ್ಲಿನಲ್ಲಿ, ಯಾವ ದೀಪಕ್ಕೂ ನಿಂತವನಲ್ಲ. ಊಟದ ಬಿಡುವಿನಲ್ಲಿ ನಾನೇ ಕೇಳಿದೆ.

"ಏನೋ, ಅಂಗಿ ಇಸ್ತ್ರಿ ಮಾಡುವಾಗ ಗುಂಡಿ ಬಂದ್ರೆ ಏನ್ ಮಾಡ್ತೀಯಾ?"

"ತಿರುಗಿಸಿ ಹಾಕ್ತೀನಿ."

"ಗುಂಡಿ ಇಲ್ದಿದ್ರೆ?"

"ಹಾಗೇ ಎಳೀತೀನಿ."

"ಅಷ್ಟೇ ಕಣೋ. ಅದನ್ನೇ ಬರಿ."

ಅವನು ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡಿದ. "ಅಯ್ಯೋ, ಇಷ್ಟೇನಾ? ಇದನ್ನ ಹೇಳೋಕೆ ರಸ್ತೆಗೆ ಯಾಕೆ ಕರ್ಕೊಂಡು ಹೋದ್ರು?"

ತಿರುಗಿ ನೋಡಿದರೆ ಬಾಗಿಲ ಬಳಿ ಮೇಡಂ. ಮತ್ತೆ ನೀಲಿ ಪುಸ್ತಕದಲ್ಲಿ ಗೀಚುತ್ತಿದ್ದಾಳೆ. ತರಗತಿಯ ಹೊರಗೂ ಅಂಕ ಕಳೆಯುತ್ತಾರೆಂದು ಯಾರಿಗೆ ಗೊತ್ತಿತ್ತು!

ಮಾರ್ಚ್ ೧೩, ಗುರುವಾರ

ಹತ್ತು ಸಾಲಿನ ಕೆಲಸಕ್ಕೆ ಒಂದೇ ಹೆಸರಿಟ್ಟು, ಆಮೇಲೆ ಹೆಸರು ಕರೆದರೆ ಸಾಕು, ಹತ್ತೂ ಸಾಲು ನಡೆಯುತ್ತದಂತೆ. ನನಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. ನಾನು ವಿಭಾಗದಲ್ಲಿ "ಮಡಚು!" ಎಂದು ಒಂದು ಸಲ ಕೂಗುತ್ತೇನೆ. ಇಬ್ಬರು ಎದುರುಬದುರು ನಿಂತು, ಮೂಲೆ ಹಿಡಿದು, ಕೊಡವಿ, ಅರ್ಧ ಮಾಡಿ, ಮತ್ತೆ ಅರ್ಧ ಮಾಡಿ, ಹೊಲಿಗೆ ಒಳಗೆ ಹಾಕಿ, ಕಪಾಟಿಗೆ ಸೇರಿಸುತ್ತಾರೆ. ನಾನೇನು ಅದನ್ನೆಲ್ಲ ದಿನಾ ಬಿಡಿಸಿ ಹೇಳುತ್ತೇನೆಯೇ? ಕೆಲಸಕ್ಕೆ ಸೇರಿದ ದಿನ ಒಂದು ಸಲ ಹೇಳಿಕೊಟ್ಟಿರುತ್ತೇನೆ, ಅಷ್ಟೇ.

ಇದನ್ನೇ ತರಗತಿಯಲ್ಲಿ ಹೇಳಿದೆ. ಮೇಡಂ ಬಳಪ ಕೆಳಗಿಟ್ಟು, "ದೊಡ್ಡಕ್ಕ, ಇಲ್ಲಿ ಬಂದು ಇನ್ನೊಂದು ಸಲ ಹೇಳ್ತೀರಾ?" ಎಂದಳು. ಹೋಗಿ ಹೇಳಿದೆ. ಬರುವಾಗ ಬಳಪ ನನ್ನ ಕೈಯಲ್ಲೇ ಬಂದುಬಿಟ್ಟಿದೆ. ನಾಳೆ ವಾಪಸು ಕೊಡಬೇಕು.

ಮಾರ್ಚ್ ೧೬, ಭಾನುವಾರ

ಮನೆಗೆಲಸ ಕೊಟ್ಟಿದ್ದಾರೆ. ಮನೆಯಲ್ಲಿ ಒಬ್ಬರನ್ನು ಯಂತ್ರ ಮಾಡಿ ಟೀ ಮಾಡಿಸಬೇಕು. ಯಂತ್ರ ಹೇಳಿದ್ದನ್ನಷ್ಟೇ ಮಾಡಬೇಕು, ತಾನಾಗಿ ಏನೂ ಮಾಡಬಾರದು. ಇವರನ್ನು ಕೂರಿಸಿದೆ, ಎರಡನೇ ಸಾಲಿಗೇ ಗೊರಕೆ. ಮಗ ಕೆಲಸದ ಮೇಲೆ ಪರಸ್ಥಳದಲ್ಲಿದ್ದಾನೆ. ಉಳಿದವಳು ಸೊಸೆ. ಅವಳು ಸೆರಗು ಸಿಕ್ಕಿಸಿಕೊಂಡು ಒಲೆಯ ಮುಂದೆ ನೆಟ್ಟಗೆ ನಿಂತಳು. ಮುಖದಲ್ಲಿ ಒಂದು ತರಹದ ಖುಷಿ ಇತ್ತು, ನನಗೆ ಆಗಲೇ ಅನುಮಾನ ಬರಬೇಕಿತ್ತು.

"ಪಾತ್ರೆ ತಗೊ" ಎಂದೆ. ತಗೊಂಡಳು, ಕೈಯಲ್ಲೇ ಹಿಡಿದು ನಿಂತಳು.

"ಒಲೆ ಮೇಲಿಡೇ!" ಇಟ್ಟಳು.

"ಎರಡು ಲೋಟ ಹಾಕು."

ಕಪಾಟಿನಿಂದ ಎರಡು ಲೋಟ ತೆಗೆದು ಪಾತ್ರೆಯೊಳಗೆ ಇಟ್ಟಳು, ಟಣ್ ಟಣ್ ಎಂದು.

"ನೀರು ಕಣೇ, ನೀರು!"

"ಯಂತ್ರಕ್ಕೆ ನೀವು ನೀರು ಅಂತ ಹೇಳ್ಲಿಲ್ಲ ಅತ್ತೆ."

ಹೀಗೇ ಹೋರಾಡಿ ಹಾಲಿನವರೆಗೆ ಬಂದೆವು. "ಈಗ ಸ್ವಲ್ಪ ಸಕ್ಕರೆ ಹಾಕು" ಎಂದೆ. ಅವಳು ಕಲ್ಲಿನ ಹಾಗೆ ನಿಂತುಬಿಟ್ಟಳು. ಟೀ ಉಕ್ಕುತ್ತಿದೆ, ಅಲ್ಲಾಡುವುದಿಲ್ಲ.

"ಏನಾಯ್ತೇ?"

"ಸ್ವಲ್ಪ ಅಂದ್ರೆ ಎಷ್ಟು ಅತ್ತೆ? ಯಂತ್ರಕ್ಕೆ ಗೊತ್ತಿಲ್ಲ."

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಇವರು ಎಚ್ಚರವಾಗಿ ಯಾರು ಬಂದರು ಎಂದು ಕೇಳಿದರು. ಒಲೆ ಒರೆಸುತ್ತಾ ಅವಳು ಮೆಲ್ಲಗೆ ಹೇಳಿದಳು, "ಎರಡು ವರ್ಷದಿಂದ ಇದನ್ನ ಕೇಳ್ಬೇಕು ಅಂತಿದ್ದೆ ಅತ್ತೆ. ಕೇಳಿದ್ರೆ, ಇಷ್ಟೂ ಗೊತ್ತಿಲ್ವಾ ಅಂತೀರೇನೋ ಅಂತ ಸುಮ್ನಿದ್ದೆ."

ನಿಜ, ಅಂದಿರುತ್ತಿದ್ದೆ. ಉಕ್ಕಿ ಉಳಿದ ಅರ್ಧರ್ಧ ಲೋಟ ಟೀ ಕುಡಿದೆವು. ಚೆನ್ನಾಗಿಯೇ ಇತ್ತು.

ಮಾರ್ಚ್ ೨೦, ಗುರುವಾರ

ಮಾನ ಹೋಯಿತು.

ಇವತ್ತು ಮೊದಲ ಬಾರಿ ನಿಜವಾದ ಯಂತ್ರದಲ್ಲಿ ನಾವು ಬರೆದದ್ದನ್ನು ಓಡಿಸಿದರು. ಆಫೀಸಿನಿಂದ ಕನ್ನಡಕದ ಸಾಹೇಬರು ಬಂದಿದ್ದರು, ಪರೀಕ್ಷೆ ಮಾಡುವವರು ಅವರೇ. ನನ್ನದೇ ಮೊದಲು ಹಾಕಿ ಎಂದು ನಾನೇ ಮುಂದೆ ಹೋದೆ. ಸ್ವಲ್ಪ ಎಂದು ಒಂದು ಕಡೆಯೂ ಬರೆದಿರಲಿಲ್ಲ, ಎಲ್ಲಾ ಗ್ರಾಂ ಲೆಕ್ಕ. ಹೊಸ ಯಂತ್ರಕ್ಕೆ ನೊರೆ ಇದೆಯೋ ಇಲ್ಲವೋ ತಿಳಿಯುವ ಕಣ್ಣೊಂದಿದೆ. ಅದಕ್ಕೇ ನೊರೆ ಹೋಗುವವರೆಗೆ ಇದನ್ನೇ ಮತ್ತೆ ಮತ್ತೆ ಮಾಡು ಎಂದು ಬರೆದು, ಅದರ ಕೆಳಗೆ ಸೋಪಿನ ಪುಡಿ, ತಿರುಗಿಸುವುದು, ನೀರು ಬದಲಾಯಿಸುವುದು ಎಲ್ಲ ಬರೆದಿದ್ದೆ. ಎಲ್ಲರೂ ಭೇಷ್ ಎಂದರು.

ಯಂತ್ರ ತಿರುಗಿತು. ಐದು ನಿಮಿಷಕ್ಕೆ ಗಾಜಿನ ತುಂಬ ಬೆಳ್ಳಗೆ ನೊರೆ. ಹತ್ತು ನಿಮಿಷಕ್ಕೆ ಪುಡಿ ಹಾಕುವ ಖಾನೆಯಿಂದ ನೊರೆ ಹೊರಗೆ ಇಣುಕಿತು. ಆಮೇಲೆ ಬಂತು ನೋಡಿ, ಬುಸುಬುಸು ಎಂದು. ನೆಲ, ಮೇಜಿನ ಕಾಲು, ಸಾಹೇಬರ ಬೂಟು. ಕೆಂಪು ಗುಂಡಿ ಒತ್ತಲು ಓಡಿದ ಇಸ್ತ್ರಿ ತಮ್ಮ ಜಾರಿ ಬಿದ್ದು ಕೂತ ಹಾಗೆಯೇ ಬಾಗಿಲವರೆಗೆ ಹೋದ. ಕೊನೆಗೆ ಮೇಡಂ ಮೊಣಕಾಲುದ್ದ ನೊರೆಯಲ್ಲಿ ಹೋಗಿ ನಿಲ್ಲಿಸಿದಳು.

"ಯಂತ್ರ ಕೆಟ್ಟಿದೆ" ಎಂದೆ.

"ಇಲ್ಲ ದೊಡ್ಡಕ್ಕ, ನೀವು ಹೇಳಿದ್ದನ್ನೇ ಮಾಡಿದೆ. ತಪ್ಪು ಒಂದೇ ಸಾಲಲ್ಲಿದೆ. ನಾನು ಹೇಳಲ್ಲ, ನೀವೇ ಹುಡುಕಿ" ಎಂದಳು. ಗಲ್ಲದ ಮೇಲೆ ನೊರೆ ಅಂಟಿಸಿಕೊಂಡೇ ನಗುತ್ತಿದ್ದಳು.

ಸಾಹೇಬರು ನಗಲಿಲ್ಲ, ಬಯ್ಯಲೂ ಇಲ್ಲ. ಹೋಗುವಾಗ ನನ್ನ ಹತ್ತಿರ ಬಂದು, "ಬೇಜಾರು ಮಾಡ್ಕೋಬೇಡಿ. ಉಗ್ರಾಣಕ್ಕೆ ಒಂದು ಫ್ಯಾನು ಹಾಕಿಸ್ತೀವಿ" ಎಂದರು. ಒಳ್ಳೆಯ ಮಾತೇ. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಮಾರ್ಚ್ ೨೧, ಶುಕ್ರವಾರ

ಹೋಗಲಿಲ್ಲ.

ಮಾರ್ಚ್ ೨೨, ಶನಿವಾರ

ಬೆಳಗ್ಗೆ ಹಿತ್ತಿಲಲ್ಲಿ ಕೂತು ಇವರ ಅಂಗಿಗಳನ್ನು ಕೈಯಲ್ಲಿ ಒಗೆಯುತ್ತಿದ್ದೆ. ಮನಸ್ಸು ಸರಿಯಿಲ್ಲದಾಗ ನನಗೆ ಅದೇ ಔಷಧಿ. ಸೊಸೆ ನನ್ನ ನೋಟುಬುಕ್ಕಿನಿಂದ ಹರಿದ ಆ ಪ್ರೋಗ್ರಾಮಿನ ಹಾಳೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತಳು. ಹಾಳೆ ನೋಡುತ್ತಾಳೆ, ನನ್ನ ಕೈ ನೋಡುತ್ತಾಳೆ.

"ಅತ್ತೆ, ಒಂದು ಮಾತು ಹೇಳ್ಲಾ? ಬೈಬಾರದು."

"ಹೇಳೇ."

"ನೀವು ಪ್ರತಿ ಸಲ ನೀರು ಬದಲಾಯಿಸಿದಾಗ್ಲೂ ಬಕೆಟ್ಟಿಗೆ ಸ್ವಲ್ಪ ಪುಡಿ ಹಾಕ್ತೀರಾ."

"ಹೂಂ, ಕೈ ಅಭ್ಯಾಸ. ಅದಕ್ಕೇನೀಗ?"

"ಇಲ್ಲೂ ಹಾಗೇ ಬರ್ದಿದ್ದೀರಾ. ನೊರೆ ಹೋಗೋವರೆಗೂ ಪುಡಿ ಹಾಕ್ತಾ ಇರು ಅಂತ. ಇನ್ನೆಲ್ಲಿ ಹೋಗುತ್ತೆ ಅದು?"

ನನ್ನ ಕೈ ಬಕೆಟ್ಟಿನ ಮೇಲೆ ಹಾಗೇ ನಿಂತಿತು. ಮುಷ್ಟಿಯಲ್ಲಿ ಪುಡಿ ಇತ್ತು! ಇಪ್ಪತ್ತೇಳು ವರ್ಷದ ಅಭ್ಯಾಸವನ್ನು ಯಂತ್ರಕ್ಕೂ ಕಲಿಸಿಬಿಟ್ಟಿದ್ದೇನೆ, ಆ ಬೆಪ್ಪು ಯಂತ್ರ ಅದನ್ನೇ ಶ್ರದ್ಧೆಯಿಂದ ಮಾಡಿದೆ. ಪುಡಿಯ ಸಾಲನ್ನು ಒಂದು ಹೆಜ್ಜೆ ಮೇಲೆ, ಮತ್ತೆ ಮತ್ತೆ ಮಾಡು ಎನ್ನುವುದಕ್ಕಿಂತ ಮೊದಲು ಇಟ್ಟರೆ ಮುಗಿಯಿತು. ಆರು ಸಲ ಜಾಲಿಸಿದರೂ ನೊರೆ ಹೋಗದಿದ್ದರೆ ನಿಲ್ಲಿಸಿ ಗಂಟೆ ಬಾರಿಸು ಎಂದೂ ಸೇರಿಸೋಣ ಎಂದಳು ಸೊಸೆ. ಇಬ್ಬರೂ ಕೂತು ಬರೆದೆವು. ಇವರ ಅಂಗಿ ಬಕೆಟ್ಟಿನಲ್ಲೇ ಮಧ್ಯಾಹ್ನದವರೆಗೆ ನೆನೆಯಿತು.

ಹುಡುಗಿ ಚುರುಕು. ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದಳೋ.

ಮಾರ್ಚ್ ೨೭, ಗುರುವಾರ

ಬರೆಯಲು ಪುರಸೊತ್ತಿಲ್ಲ. ಊಟದ ಬಿಡುವಿನಲ್ಲಿ ಎಲ್ಲರೂ ನನ್ನ ಮೇಜಿನ ಸುತ್ತಲೇ ಬಂದು ಕೂರುತ್ತಾರೆ. ಇವತ್ತು ಹನ್ನೊಂದು ಜನ. ಹೊಲಿಗೆ ಕೋಣೆಯವಳಿಗೆ ಒಂದೇ ಹೆಸರು ಎರಡು ಕಡೆ ಇದ್ದರೆ ಯಂತ್ರಕ್ಕೆ ಗೊಂದಲವಾಗುವುದಿಲ್ಲವೇ ಎಂದು ಸಂದೇಹ. "ನಿಮ್ಮನೇಲಿ ಮಗು ಅಮ್ಮಾ ಅಂತ ಕೂಗಿದ್ರೆ ನಾನು ಬರ್ತೀನೇನೇ? ನೀನು ತಾನೇ ಬರ್ತೀಯಾ? ಆಯಾ ಮನೆ ಒಳಗೆ ಆಯಾ ಅಮ್ಮ" ಎಂದೆ. ತಲೆಯಾಡಿಸಿಕೊಂಡು ಹೋದಳು.

ನನ್ನ ಊಟದ ಡಬ್ಬಿ ಮೂರು ದಿನದಿಂದ ಅರ್ಧ ಹಾಗೇ ಮನೆಗೆ ಬರುತ್ತಿದೆ. ಆ ಬಳಪ ಇನ್ನೂ ವಾಪಸು ಕೊಟ್ಟಿಲ್ಲ, ಸವೆದು ಉಗುರಿನಷ್ಟಾಗಿದೆ. ಮೇಡಂ ಕೇಳಲೂ ಇಲ್ಲ.

ಮಾರ್ಚ್ ೩೧, ಸೋಮವಾರ

ಪರೀಕ್ಷೆ ಮುಗಿಯಿತು. ಜೀವ ಬಾಯಿಗೆ ಬಂದಿತ್ತು.

ಶಸ್ತ್ರಚಿಕಿತ್ಸೆಯ ಕೋಣೆಯ ಹೊದಿಕೆ ಒಗೆಯಲು ಪ್ರೋಗ್ರಾಮ್ ಬರೆಯಿರಿ ಎಂದು ಕೊಟ್ಟಿದ್ದರು. ಬಟ್ಟೆಯ ತೂಕ ನೋಡಿ ಪುಡಿ ಹಾಕಬೇಕು, ಎರಡು ಸಲ ಬಿಸಿನೀರು, ಆಮೇಲೆ ಜಾಲಿಸುವುದು. ಬರೆದೆ. ಸಾಹೇಬರು ಯಂತ್ರಕ್ಕೆ ಹಾಕುವ ಮೊದಲು ಹಾಳೆ ಹಿಡಿದು ಓದಿದರು. ಅವರ ಬೆರಳು ಏಳನೇ ಸಾಲಿನಲ್ಲಿ ನಿಂತಿತು.

"ಇದೇನು? 'ಸ್ವಲ್ಪ ಹಾಕು' ಅಂತ ಬರ್ದಿದ್ದೀರಾ? ಇಷ್ಟು ದಿನ ಕಲಿತಿದ್ದು ಇದೇನಾ? ಯಂತ್ರಕ್ಕೆ ಸ್ವಲ್ಪ ಅಂದ್ರೆ ಹೇಗ್ರೀ ಗೊತ್ತಾಗುತ್ತೆ?"

ಇಸ್ತ್ರಿ ತಮ್ಮ ಕಣ್ಣು ಮುಚ್ಚಿಕೊಂಡ.

"ಮೊದಲ್ನೇ ಸಾಲು ಓದಿ ಸಾರ್" ಎಂದೆ.

ಓದಿದರು. ಅಲ್ಲಿ ನಾನು ಒಂದು ಡಬ್ಬಿ ಮಾಡಿದ್ದೆ. ಡಬ್ಬಿಯ ಹೆಸರು, ಸ್ವಲ್ಪ. ಅದರೊಳಗೆ, ಒಂದು ಕಿಲೋ ಬಟ್ಟೆಗೆ ಹನ್ನೆರಡು ಗ್ರಾಂ.

"ಏನು ಹೆಸರು ಬೇಕಾದ್ರೂ ಇಡಬಹುದು ಅಂತ ಮೇಡಂ ಹೇಳಿದ್ರು. ಸ್ವಲ್ಪ ಅಂದ್ರೆ ಎಷ್ಟು ಅಂತ ಮೊದಲೇ ಹೇಳಿಬಿಟ್ಟಿದ್ದೀನಿ ಸಾರ್. ಹೇಳದೇ ಇದ್ರೆ ಪಾಪ, ಅದಕ್ಕೆ ಹೇಗೆ ಗೊತ್ತಾಗಬೇಕು? ಹೇಳದೆ ಬೈದ್ರೆ ಅದು ನಮ್ಮ ತಪ್ಪು."

ಸಾಹೇಬರು ಇನ್ನೊಮ್ಮೆ ಓದಿ ಯಂತ್ರಕ್ಕೆ ಹಾಕಿದರು. ಯಂತ್ರ ತಿರುಗಿತು. ನಾಲ್ಕನೇ ಸಲ ಜಾಲಿಸುವಾಗ ನೊರೆ ಹೋಯಿತು, ಸದ್ದಿಲ್ಲದೆ ನಿಂತಿತು. ಸಾಹೇಬರು ಬೂಟು ನೋಡಿಕೊಂಡರು. ಒಣಗಿತ್ತು.

ಮನೆಗೆ ಬಂದೆ. ಸೊಸೆ ಇನ್ನೂ ಕೆಲಸದಿಂದ ಬಂದಿರಲಿಲ್ಲ. ಸುಮ್ಮನೆ ಉಪ್ಪಿನ ಡಬ್ಬಿ ತೆಗೆದು, ನಾನು ದಿನಾ ಸ್ವಲ್ಪ ಅನ್ನುವಷ್ಟನ್ನು ಕೈಯಲ್ಲಿ ತೆಗೆದು ಚಮಚದಲ್ಲಿ ಅಳೆದೆ. ಒಂದು ಚಮಚ. ಸರಿಯಾಗಿ ನೋಡೋಣ ಎಂದು ಮತ್ತೆ ಅಳೆದೆ, ಒಂದೂವರೆ. ಮೂರನೇ ಸಲ ಮುಕ್ಕಾಲು. ಅಳೆದ ಉಪ್ಪನ್ನೆಲ್ಲ ಮತ್ತೆ ಡಬ್ಬಿಗೆ ಸುರಿದೆ. ಆಮೇಲೆ ಒಂದು ಚೀಟಿಯಲ್ಲಿ "ಸ್ವಲ್ಪ = ಒಂದು ಚಮಚ" ಎಂದು ಬರೆದು ಡಬ್ಬಿಗೆ ಅಂಟಿಸಿದೆ.

ಏಪ್ರಿಲ್ ೨, ಬುಧವಾರ

ಪಾಸು! ಇಸ್ತ್ರಿ ತಮ್ಮನೂ ಪಾಸು. ತಾನು ಪಾಸಾದದ್ದು ಗುಂಡಿಯಿಂದ ಎಂದು ಇಡೀ ಆಸ್ಪತ್ರೆಗೆ ಹೇಳಿಕೊಂಡು ತಿರುಗುತ್ತಿದ್ದಾನೆ. ಉಗ್ರಾಣದಲ್ಲಿ ಫ್ಯಾನು ದಿಂಬಿನ ಚೀಲಗಳಿಗೆ ತಿರುಗಲಿ.

ಮೇಡಂ ಹೊರಡುವ ಮುನ್ನ ನೀಲಿ ಪುಸ್ತಕ ನನ್ನ ಕೈಗಿಟ್ಟಳು. ಎಷ್ಟು ಸೊನ್ನೆ ಇದೆಯೋ ನೋಡೋಣ ಎಂದು ತೆರೆದರೆ ಅಂಕವೇ ಇಲ್ಲ. ಗುಂಡಿ, ಮಡಚು, ಆಯಾ ಮನೆಯ ಅಮ್ಮ, ಸಾಸಿವೆಯ ಡಬ್ಬಿ, ಎಲ್ಲ ನಾವು ಆಡಿದ ಮಾತುಗಳೇ. "ಸೋಮವಾರದಿಂದ ಅಡುಗೆ ವಿಭಾಗದವರಿಗೆ ತರಗತಿ. ಅವರಿಗೆ ಟೀ ಉದಾಹರಣೆ ಹೇಳೋಕೆ ನಂಗೆ ಭಯ" ಎಂದಳು. "ನೊರೆ ಕತೆ ನೀವೇ ಬಂದು ಹೇಳ್ತೀರಾ?" ಬಳಪ ಸವೆದಿದೆ, ಹೊಸದು ತಂದರೆ ಬರುತ್ತೇನೆ ಎಂದೆ.

ಮನೆಗೆ ಬಂದಾಗ ಸೊಸೆ ಬಟ್ಟೆ ಒಣಹಾಕುತ್ತಿದ್ದಳು. ಪಾಸು ಎಂದು ಬಾಗಿಲಿಂದಲೇ ಕೂಗಿದೆ. ಓಡಿಬಂದು ನನ್ನನ್ನು ತಬ್ಬಿಕೊಂಡಳು, ಒದ್ದೆ ಕೈಯಲ್ಲೇ. ಬೆನ್ನೆಲ್ಲ ನೀರು.

ಆಮೇಲೆ ಅಡುಗೆಮನೆಗೆ ಹೋದರೆ ಉಪ್ಪಿನ ಡಬ್ಬಿಯ ಚೀಟಿಯಲ್ಲಿ ನನ್ನ ಸಾಲಿನ ಕೆಳಗೆ ಅವಳ ದುಂಡು ಅಕ್ಷರ.

"ಅತ್ತೆಗೆ ಸಿಟ್ಟು ಬಂದಿದ್ದರೆ: ಟೀಗೆ ಅರ್ಧ ಚಮಚ ಸಕ್ಕರೆ ಜಾಸ್ತಿ."

ಪೆನ್ನು ಹುಡುಕಿ ಅರ್ಧ ಎಂಬುದನ್ನು ಹೊಡೆದುಹಾಕಿ ಒಂದು ಎಂದು ತಿದ್ದಿದೆ. ಯಂತ್ರಕ್ಕೆ ಸರಿಯಾಗಿ ಹೇಳಬೇಕು.